ಬಡತನ ಬಾಡಿಗೆಗೆ ಬೇಕಾಗಿದೆ

ದಾವಣಗೆರೆಯಲ್ಲಿ ಈಗ ಅಂಗಡಿ ತೆರೆಯುವವರು ಪರವಾನಗಿಗಿಂತ ಮೊದಲು ಮಾಡಿಸಿಕೊಳ್ಳುವುದು ಕಥೆಯನ್ನು. ಸರಕು ಚೆನ್ನಾಗಿದೆ, ತೂಕ ಸರಿಯಿದೆ ಎಂದರೆ ಗಿರಾಕಿ ಒಪ್ಪುತ್ತಿದ್ದ ಕಾಲ ಹೋಯಿತು. ಮಾಲೀಕರು ಬರಿಗಾಲಲ್ಲಿ ನಡೆದಿರಬೇಕು, ಬೀದಿದೀಪದ ಕೆಳಗೆ ಓದಿರಬೇಕು, ಸಾಧ್ಯವಾದರೆ ತಾಯಿಯ ತಾಳಿಯನ್ನೂ ಅಡವಿಟ್ಟಿರಬೇಕು. ಇವೆಲ್ಲವನ್ನೂ ಒಂದೇ ಪ್ಯಾಕೇಜಿನಲ್ಲಿ ಒದಗಿಸುವ ಪ್ರಚಾರ ಸಲಹೆಗಾರರು ಊರಿಗೆ ಬಂದಿದ್ದಾರೆ.

ಕಷ್ಟವೆಂದರೆ, ನಮ್ಮ ಅನೇಕ ಉದ್ಯಮಿಗಳು ಕಷ್ಟವನ್ನೇ ಕಂಡವರಲ್ಲ. ತಾತನ ಕಾಲದಿಂದಲೂ ಅಕ್ಕಿ ಗಿರಣಿ, ಮಂಡಿಪೇಟೆಯಲ್ಲಿ ಮಳಿಗೆ ಇರುವ ಯಜಮಾನರೊಬ್ಬರ ‘ನಡೆದು ಬಂದ ದಾರಿ’ಯ ಚಿತ್ರೀಕರಣವನ್ನು ನೋಡುವ ಭಾಗ್ಯ ನನ್ನದಾಗಿತ್ತು. ಆ ದಾರಿಯಲ್ಲಿ ಅವರು ಎಂದೂ ನಡೆದವರಲ್ಲ, ಕಾರಿನಲ್ಲಿಯೇ ಬಂದವರು. ಹೊಸ ಅಂಗಿಯ ಭುಜವನ್ನು ಕತ್ತರಿಯಿಂದ ಹರಿದು, ಹರಿದ ಜಾಗಕ್ಕೆ ಚಹಾದ ಚರಟದಿಂದ ಕೊಳೆ ಬಳಿದು, ಹಾಲಿನವನ ಸೈಕಲ್ಲನ್ನು ತರಿಸಲಾಯಿತು. ಸೈಕಲ್ ತುಳಿಯಲು ಬಾರದ ಯಜಮಾನರನ್ನು ಇಬ್ಬರು ಹುಡುಗರು ಹಿಂದಿನಿಂದ ಹಿಡಿದುಕೊಂಡಿದ್ದರು. ಅವರ ಕೈಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಿದರು. ‘ಯಾರ ಆಸರೆಯೂ ಇಲ್ಲದೆ ಮೇಲೆ ಬಂದವರು’ ಎಂಬ ಶೀರ್ಷಿಕೆಗೆ ಅದು ಅನಿವಾರ್ಯವಾಗಿತ್ತು. ಕಣ್ಣೀರಿನ ದೃಶ್ಯದಲ್ಲಿ ಕಣ್ಣೀರು ಬಾರದಿದ್ದಾಗ ಪಕ್ಕದ ಗಾಡಿಯಿಂದ ಮಿರ್ಚಿ ಬಂತು. ಮಂಡಕ್ಕಿ ಮಿರ್ಚಿಯ ಊರಿನಲ್ಲಿ ಭಾವನೆಗಳಿಗೆ ಬರವಿಲ್ಲ.

ಹಣ ಪಡೆದು ಸರಕನ್ನು ಹೊಗಳುವ ಇನ್‌ಫ್ಲುಯೆನ್ಸರುಗಳು ಅದು ಜಾಹೀರಾತೆಂದು ಸ್ಪಷ್ಟವಾಗಿ ಹೇಳಬೇಕೆಂದು, ಆ ಮಾತನ್ನು ಹ್ಯಾಷ್‌ಟ್ಯಾಗುಗಳ ಗುಂಪಿನಲ್ಲಿ ಬೆರೆಸಬಾರದೆಂದು ಕೇಂದ್ರ ಸರ್ಕಾರ 2023ರ ಜನವರಿಯಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡವಿದೆ. ಸಲಹೆಗಾರರಿಗೆ ಇದು ಗೊತ್ತಿಲ್ಲವೆಂದಲ್ಲ. ಅವರ ಪ್ರಕಾರ ಅವರು ಸರಕನ್ನು ಹೊಗಳುತ್ತಿಲ್ಲ, ‘ಸ್ಫೂರ್ತಿ’ಯನ್ನು ಹಂಚುತ್ತಿದ್ದಾರೆ, ಸ್ಫೂರ್ತಿಯ ಕೊನೆಯಲ್ಲಿ ಅಂಗಡಿಯ ವಿಳಾಸ, ಫೋನ್ ನಂಬರು ಮತ್ತು ಹಬ್ಬದ ರಿಯಾಯಿತಿ ಕಾಣಿಸಿಕೊಳ್ಳುವುದು ಕೇವಲ ಕಾಕತಾಳೀಯ. ಪತ್ರಿಕೆಯ ಪುರವಣಿಯಲ್ಲಾದರೂ ‘ಜಾಹೀರಾತು’ ಎಂಬ ಪದ ಮೂಲೆಯಲ್ಲಿ ಇರುತ್ತದೆ, ಭೂತಗನ್ನಡಿ ಇರುವವರಿಗೆ.

ಅಸಲಿ ಬಡತನ ಈ ಊರಿನಲ್ಲಿ ಇಲ್ಲದೇ ಇಲ್ಲ. ಹತ್ತಿ ಗಿರಣಿಗಳ ದೆಸೆಯಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ, ಆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಬೀದಿಗೆ ಬಿದ್ದ ಕಾರ್ಮಿಕರ ಮನೆಗಳಲ್ಲಿ ಕಥೆಗಳು ರಾಶಿ ಬಿದ್ದಿವೆ. ಆದರೆ ಅವರ ಬಳಿ ಮಾರಲು ಬ್ರ್ಯಾಂಡ್ ಇಲ್ಲವಾದ್ದರಿಂದ ಕ್ಯಾಮೆರಾ ಅತ್ತ ತಿರುಗಿರಲಿಲ್ಲ. ಈಚೆಗೆ ತಿರುಗಿದೆ. ಯಜಮಾನರ ಎರಡನೆಯ ಕಂತಿಗೆ ಸಹಜವಾದ ಹಿನ್ನೆಲೆ ಬೇಕೆಂದು ಸಲಹೆಗಾರರು ಹಳೆಯ ಗಿರಣಿ ಕಾರ್ಮಿಕರೊಬ್ಬರ ಮನೆ ಹುಡುಕಿಕೊಂಡು ಹೋಗಿ, ತಗಡಿನ ಟ್ರಂಕು, ಸೀಮೆಎಣ್ಣೆ ಸ್ಟೌವು ಮತ್ತು ಹಸಿವಿನ ಮೂರು ಪ್ರಸಂಗಗಳನ್ನು ಕೇಳಿದರು. ಟ್ರಂಕಿಗೂ ಸ್ಟೌವಿಗೂ ದಿನದ ಬಾಡಿಗೆ ಗೊತ್ತಾಯಿತು. ಪ್ರಸಂಗಗಳಿಗೆಷ್ಟು ಎಂದು ಆ ಹಿರಿಯರು ಕೇಳಿದಾಗ, ‘ಅವನ್ನು ಯಜಮಾನರೇ ಹೇಳುತ್ತಾರಲ್ಲ, ನಿಮಗೇನು ಖರ್ಚು?’ ಎಂಬ ಉತ್ತರ ಬಂತು.