ಹೋರಿಯನ್ನು ಎಷ್ಟು ವರ್ಷ ಇಟ್ಟುಕೊಳ್ಳಬೇಕು?

‘ಒಳ್ಳೆಯ ಹೋರಿ ಸಿಕ್ಕರೆ ಮುದಿಯಾಗುವವರೆಗೂ ಬಿಡಬೇಡಿ’ ಎಂಬ ಲೇಖನದ ಸಲಹೆಯನ್ನು ನಾನು ಒಪ್ಪುವುದಿಲ್ಲ. ಲೆಕ್ಕ ಹಾಕಿ ನೋಡಿ: ಗಬ್ಬ ಒಂಬತ್ತು ತಿಂಗಳು, ಹುಟ್ಟಿದ ಹೆಣ್ಣುಕರು ಕಡಸಾಗಿ ಹೋರಿ ಹಾರಿಸುವ ಹದಕ್ಕೆ ಬರಲು ಸುಮಾರು 15 ತಿಂಗಳು. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಹೋರಿಗೆ ತನ್ನ ಮಗಳೇ ಜೋಡಿ! ಆ ಜೋಡಿಗೆ ಹುಟ್ಟುವ ಕರುವಿನ ಒಳಸಂಕರಣದ (ಹತ್ತಿರದ ರಕ್ತಸಂಬಂಧಿಗಳ ಕೂಡಿಕೆಯ) ಪ್ರಮಾಣ ಶೇ 25. ನಮ್ಮ ಕೊಟ್ಟಿಗೆಯಲ್ಲಿ ಅಂಥದ್ದೊಂದು ಹುಟ್ಟಿತ್ತು. ಮುಂಗಾಲು ಮಡಚಿ ಏಳಲು ಹೆಣಗಿ, ಕೆಚ್ಚಲಿಗೆ ಬಾಯಿ ತಲುಪುವ ಮೊದಲೇ ಕುಸಿಯಿತು. ಒಂದೇ ಕರುವಿನಿಂದ ತೀರ್ಮಾನಿಸಲಾಗದು, ನಿಜ. ಆದರೆ ‘ಮಿಶ್ರತಳಿಯಾದರೆ ಚಿಂತೆಯಿಲ್ಲ’ ಎಂಬ ಮಾತೂ ನಿಲ್ಲುವುದಿಲ್ಲ. ಎರಡು ತಳಿ ಕೂಡಿದಾಗಿನ ಹುರುಪು ಮೊದಲ ಪೀಳಿಗೆಯಲ್ಲೇ ಪೂರ್ತಿ. ಆ ಮಿಶ್ರತಳಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ಮುಂದಿನದಕ್ಕೆ ಅರ್ಧಕ್ಕಿಳಿಯುತ್ತದೆ. ಕಡಸುಗಳು ಬೆದೆಗೆ ಬರುವ ಮೊದಲೇ ಹೋರಿಯನ್ನು ಬದಲಿಸಿ.