ಅದು ಆಟದ ಸಾಮಾನಲ್ಲ ಮಾರಾಯ್ರೇ

ನಿನ್ನೆ ಚಿಕ್ಕಮ್ಮನ ಮೊಮ್ಮಗ ಬಂದವನೇ ನಾನೇ ಕೂತು ಜೋಡಿಸಿದ್ದ 1/24 ಸ್ಕೇಲ್ (ಅಂದ್ರೆ ನಿಜವಾದ ಕಾರಿನ ಉದ್ದದಲ್ಲಿ 24ನೇ ಒಂದು ಭಾಗ) ನಿಸ್ಸಾನ್ ಸ್ಕೈಲೈನ್ ಕಾರ್ ಮಾಡೆಲ್ ಎತ್ಕೊಂಡು ಟೈಲ್ಸ್ ಮೇಲೆ ಡ್ರುಮ್ಮ್ ಅಂತ ಓಡಿಸ್ಬಿಟ್ಟ, ಎರಡೂ ಸೈಡ್ ಮಿರರ್ ಢಮಾರ್, ವೈಪರ್ ಎಲ್ಲೋಯ್ತೋ ಆ ಶಿವನೇ ಬಲ್ಲ. ಕೇಳಿದ್ರೆ ಚಿಕ್ಕಮ್ಮ "ಅಯ್ಯೋ ಮಗು ಕಣೋ, ಇನ್ನೊಂದು ತಂದ್ರಾಯ್ತು" ಅಂತಾರೆ. ತರೋದಾ?? ಮೂರು ತಿಂಗಳು ಕಣ್ರೀ! ಸ್ಪ್ರೂನಿಂದ (ಪಾರ್ಟ್‌ಗಳೆಲ್ಲ ಅಂಟ್ಕೊಂಡು ಬರೋ ಪ್ಲಾಸ್ಟಿಕ್ ಫ್ರೇಮ್) ಒಂದೊಂದೇ ಪಾರ್ಟ್ ಕಟ್ ಮಾಡಿ, ಪ್ರೈಮರ್ ಹೊಡ್ದು, ಮಳೆಗಾಲದ ತೇವಕ್ಕೆ ಲ್ಯಾಕರ್ ಪೇಂಟ್ ಬೆಳ್ಳಗಾಗಿ ಮತ್ತೆ ಉಜ್ಜಿ, ಸೂಪರ್ ಗ್ಲೂ ಆವಿಗೆ ವಿಂಡ್‌ಶೀಲ್ಡ್ ಮಬ್ಬಾಗಿ ತಲೆ ಚಚ್ಕೊಂಡು, ಟ್ವೀಜರ್‌ನಿಂದ ಚಿಮ್ಮಿದ ಅಕ್ಕಿಕಾಳಿನಷ್ಟು ಡೋರ್ ಹ್ಯಾಂಡಲ್ ಹುಡುಕೋಕೆ ಟಾರ್ಚ್ ಹಿಡ್ಕೊಂಡು ಮಂಚದಡಿ ತೆವಳಿದ್ದು ಯಾರು, ಇವ್ರ ಮೊಮ್ಮಗನಾ? (ಆ ಹ್ಯಾಂಡಲ್ ಇವತ್ತಿಗೂ ಸಿಕ್ಕಿಲ್ಲ ಬಿಡಿ.) ಹೋಗ್ತಾ ಬಾಗಿಲಲ್ಲಿ ನಿಂತು ಇನ್ನೊಂದು ಬೇರೆ, "ಇಷ್ಟು ವಯಸ್ಸಾಯ್ತು, ನಿಜವಾದ ಕಾರ್ ಯಾವಾಗ ತಗೋತೀಯಪ್ಪಾ?"