ಕಂಪನಿ ದುಡ್ಡಿನ ಗ್ರೈಂಡರ್

2024ರ ಆಗಸ್ಟ್‌ನಲ್ಲಿ ನನಗೆ ಡೆಂಗಿ ಬಂತು. ಆ ವರ್ಷ ಬೆಂಗಳೂರಲ್ಲಿ ಯಾರಿಗೆ ಬರಲಿಲ್ಲ ಹೇಳಿ, ಸೆಪ್ಟೆಂಬರ್‌ನಲ್ಲಿ ಸರ್ಕಾರವೇ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ನಾನು ಸ್ವಲ್ಪ ಮುಂಚೆಯೇ ಘೋಷಿಸಿಕೊಂಡಿದ್ದೆ, ಅಷ್ಟೇ. ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕಾದ ಪ್ಲೇಟ್‌ಲೆಟ್ 42 ಸಾವಿರಕ್ಕೆ ಇಳಿಯಿತು. ಎದುರುಮನೆ ಆಂಟಿ ಪಪ್ಪಾಯಿ ಎಲೆ ರಸ ತಂದುಕೊಟ್ಟರು. ಅದನ್ನು ಕುಡಿದ ಮೇಲೆ ಡೆಂಗಿಯೇ ವಾಸಿ ಅನ್ನಿಸಿತು.

ಸೋಮವಾರ 12ನೇ ತಾರೀಖು ಮಲಗಿದವನು ಶುಕ್ರವಾರ 23ರವರೆಗೆ ಏಳಲಿಲ್ಲ. ಮ್ಯಾನೇಜರ್ ಒಳ್ಳೆಯ ಮನುಷ್ಯ. "ಮೊದಲು ಹುಷಾರಾಗಿ ಬನ್ನಿ, ರಜೆ ಆಮೇಲೆ ಪೋರ್ಟಲ್‌ನಲ್ಲಿ ಹಾಕಿದರಾಯಿತು" ಅಂದರು. ಮುಂದೆ ಆಗಿದ್ದಕ್ಕೆಲ್ಲ ಈ ಒಳ್ಳೆಯತನವೇ ಮೂಲ. 26ಕ್ಕೆ ಕೃಷ್ಣಾಷ್ಟಮಿ ರಜೆ, ನಾನು ಆಫೀಸಿಗೆ ಹೋಗಿ ರಜೆ ಹಾಕಿದ್ದು 27ಕ್ಕೆ. ನಮ್ಮಲ್ಲಿ ಸಂಬಳದ ಲೆಕ್ಕ 25ಕ್ಕೇ ಮುಗಿಯುತ್ತದೆ. ಅಂದರೆ ಕಂಪ್ಯೂಟರ್ ಪ್ರಕಾರ ಮಗ್ಗುಲು ಬದಲಿಸೋಕೂ ಹೆಂಡತಿಯನ್ನು ಕರೆಯುತ್ತಿದ್ದ ನಾನು ಅಷ್ಟೂ ದಿನ ಆಫೀಸಿನಲ್ಲಿ ಕೂತು ಕೆಲಸ ಮಾಡಿದ್ದೆ.

30ಕ್ಕೆ ಬ್ಯಾಂಕಿನ ಮೆಸೇಜ್ ಬಂತು. 58,080 ರೂಪಾಯಿ, ಪ್ರತಿ ತಿಂಗಳಂತೆ.

ಇಲ್ಲಿ ಒಂದು ಸತ್ಯ ಹೇಳಿಬಿಡುತ್ತೇನೆ. ತಪ್ಪು ಅಂತ ನನಗೆ ಆಗಲೇ ಗೊತ್ತಾಗಿತ್ತು. ಕಾನೂನು ಪ್ರಕಾರ ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸಿಕ್ ಲೀವ್ 12 ದಿನ. ಅದರಲ್ಲಿ 9 ಹೋಗಿದ್ದವು, ಕೆಲವು ನಿಜವಾದ ನೆಗಡಿಗೆ, ಮೂರು ನಾದಿನಿ ಮದುವೆಯ ಹೊಟ್ಟೆನೋವಿಗೆ. ಇಎಲ್, ಅಂದರೆ ಗಳಿಕೆ ರಜೆ, ಅದಂತೂ ಊರಜಾತ್ರೆಗೇ ಖಾಲಿ. ಹೀಗಿರುವಾಗ ಪೂರ್ತಿ ಸಂಬಳ ಹೇಗೆ ಬಂತು? ಕಂಪನಿಗೆ ನನ್ನ ಮೇಲೆ ಕರುಣೆ ಹುಟ್ಟಿದೆ, ಕೇಳಿ ಅವರಿಗೆ ಮುಜುಗರ ಮಾಡಬಾರದು ಅಂತ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಹೆಂಡತಿ ಇನ್ನೂ ಸರಳವಾಗಿ ಯೋಚಿಸಿದಳು. "ಗೌರಿ ಹಬ್ಬ ಬಂತಲ್ರೀ, ಗ್ರೈಂಡರ್ ತಗೊಳ್ಳೋಣ."

ಎಂಟು ಸಾವಿರದ ಟೇಬಲ್ ಟಾಪ್ ಗ್ರೈಂಡರ್ ಮನೆಗೆ ಬಂತು. ಮೊದಲ ದಿನದ ಇಡ್ಲಿ, ಸುಳ್ಳು ಹೇಳಬಾರದು, ಮಲ್ಲಿಗೆ ಹೂವಿನಂತಿತ್ತು.

ಗಣೇಶನನ್ನು ನೀರಿಗೆ ಬಿಟ್ಟು ಸೋಮವಾರ ಆಫೀಸಿಗೆ ಹೋದರೆ ಎಚ್‌ಆರ್ ಮೇಲ್ ಕಾದಿತ್ತು. ಮೊದಲ ಸಾಲಿನಲ್ಲಿ ನನ್ನ ಆರೋಗ್ಯ ವಿಚಾರಿಸಿದ್ದರು. ಆಗಲೇ ಎದೆ ಧಸಕ್ ಅಂತು, ಯಾಕಂದರೆ ಜ್ವರ ಬಂದಾಗ ಅವರ್‍ಯಾರೂ ವಿಚಾರಿಸಿರಲಿಲ್ಲ. ಎರಡನೇ ಸಾಲಿನಲ್ಲಿ 18,600 ರೂಪಾಯಿ ಹೆಚ್ಚು ಪಾವತಿಯಾಗಿದೆ, ಏಳು ದಿನದೊಳಗೆ ವಾಪಸ್ ಹಾಕಿ, ಇಲ್ಲವಾದರೆ ಸೆಪ್ಟೆಂಬರ್ ಸಂಬಳದಲ್ಲಿ ಒಂದೇ ಸಲಕ್ಕೆ ಹಿಡಿಯುತ್ತೇವೆ ಅಂತ. ಕೊನೆಗೆ 'ಕೈಂಡ್ಲಿ ಡೂ ದಿ ನೀಡ್‌ಫುಲ್'.

ಹದಿನೆಂಟು ಸಾವಿರದ ಆರುನೂರು ಎಲ್ಲಿಂದ ಬಂತು ಅಂತ ನನಗೆ ತಲೆಬುಡ ತಿಳಿಯಲಿಲ್ಲ. ನಾನು ತಪ್ಪಿಸಿಕೊಂಡಿದ್ದು 9 ಕೆಲಸದ ದಿನ, 3 ಸಿಕ್ ಲೀವ್ ಕಳೆದರೆ 6. ಕಡಿತಕ್ಕೆ ಮುಂಚೆ ತಿಂಗಳಿಗೆ 62,000, ಆಗಸ್ಟ್‌ಗೆ 31 ದಿನ, ದಿನಕ್ಕೆ ಸರಿಯಾಗಿ ಎರಡು ಸಾವಿರ. ಆರೆರಡ್ಲಿ ಹನ್ನೆರಡು. ಉಳಿದ 6,600 ಎಲ್ಲಿಂದ? ಫೋನ್ ಮಾಡಿದೆ.

"ಸರ್, ಸ್ಯಾಂಡ್‌ವಿಚ್ ರೂಲ್" ಅಂತು ಆ ಕಡೆಯ ಹುಡುಗಿ.

ಹಿಂದೆ ಮುಂದೆ ರಜೆ ಇದ್ದರೆ ನಡುವಿನ ಶನಿವಾರ ಭಾನುವಾರವೂ ರಜೆಯ ಲೆಕ್ಕಕ್ಕೇ ಸೇರುತ್ತದಂತೆ. ಬ್ರೆಡ್ಡೂ ನನ್ನ ಲೆಕ್ಕಕ್ಕೆ, ಒಳಗಿನ ಆಲೂಗಡ್ಡೆಯೂ ನನ್ನ ಲೆಕ್ಕಕ್ಕೆ. ಹಾಗೆ 17, 18 ಹೋದವು. ಅದರ ಜೊತೆಗೆ 15ನೇ ತಾರೀಖನ್ನೂ ಒಳಗೆ ತುರುಕಿದ್ದರು! ದೇಶಕ್ಕೆಲ್ಲ ಸ್ವಾತಂತ್ರ್ಯ, ನನಗೊಬ್ಬನಿಗೆ ಲಾಸ್ ಆಫ್ ಪೇ. ಸಾಲದ್ದಕ್ಕೆ ಅವರು ಭಾಗಿಸಿದ್ದು 30ರಿಂದ. ಆಗಸ್ಟ್‌ಗೆ 31 ದಿನ ಅಲ್ವಾ ಅಂತ ಕೇಳಿದರೆ, "ಹೌದಾ ಸರ್, ಚೆಕ್ ಮಾಡ್ತೀನಿ" ಅಂದಳು.

ಸಂಜೆ ಭಾವನಿಗೆ ಫೋನ್ ಹಾಕಿದೆ. ಅಕ್ಕನ ಗಂಡ, ತಾಲ್ಲೂಕು ಕಚೇರಿಯಲ್ಲಿ ಎಫ್‌ಡಿಎ, ಅಂದರೆ ಸಿ ದರ್ಜೆಯ ಸರ್ಕಾರಿ ಗುಮಾಸ್ತ. "ಒಂದು ಪೈಸೆ ಕೊಡಬೇಡ ಕಣೋ. ಆಫೀಸಿನ ತಪ್ಪಿನಿಂದ ಜಾಸ್ತಿ ಕೊಟ್ಟಿದ್ದನ್ನ ವಾಪಸ್ ಕೇಳೋ ಹಾಗಿಲ್ಲ ಅಂತ 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ" ಅಂದರು. ನಾನು ಎದೆಯುಬ್ಬಿಸಿ ಕೂತು ಆ ತೀರ್ಪು ಹುಡುಕಿ ಓದಿದೆ. ಪಂಜಾಬಿನ ಸರ್ಕಾರಿ ನೌಕರರ ಕೇಸು. ವಸೂಲಿ ಮಾಡಬಾರದು ಅಂದಿದ್ದು ಸಿ ಮತ್ತು ಡಿ ದರ್ಜೆಯವರಿಂದ, ನಿವೃತ್ತರಿಂದ, ಹೀಗೆ ಕೆಲವರಿಂದ. ಭಾವನಿಗೆ ಅನ್ವಯ. ಭಾಮೈದನಿಗಲ್ಲ.

ಇನ್ನೊಂದು ದಾರಿ ಹುಡುಕಿದೆ. 1936ರ ವೇತನ ಪಾವತಿ ಕಾಯ್ದೆಯಲ್ಲಿ, ಹೆಚ್ಚು ಕೊಟ್ಟ ಸಂಬಳವನ್ನು ಹಿಡಿದುಕೊಳ್ಳಬಹುದು, ಆದರೆ ಒಟ್ಟು ಕಡಿತ ಸಾಮಾನ್ಯವಾಗಿ ಅರ್ಧ ಸಂಬಳ ದಾಟಬಾರದು ಅಂತಿತ್ತು. ಅರ್ಧ ಸಂಬಳ ಅಂದರೆ ನನಗೆ 31,000, ಅವರು ಕೇಳಿದ್ದು 18,600, ಅಲ್ಲಿಗೆ ಅದರಿಂದಲೂ ಉಪಯೋಗವಿಲ್ಲ. ಕೆಳಗೆ ಓದಿದರೆ ಆ ಕಾಯ್ದೆ ಆಗ ಇದ್ದದ್ದೇ ತಿಂಗಳಿಗೆ 24,000 ಮೀರದವರಿಗೆ. ಇಷ್ಟು ವರ್ಷದ ನೌಕರಿಯಲ್ಲಿ ನಿನ್ನ ಸಂಬಳ ಜಾಸ್ತಿ ಅಂತ ನನಗೆ ಹೇಳಿದ್ದು ಆ ಕಾಯ್ದೆ ಒಂದೇ.

ಕೊನೆಗೆ ಕೈಗೆ ಸಿಕ್ಕಿದ್ದು 1963ರ ಇನ್ನೊಂದು ಕಾಯ್ದೆ, ನಮ್ಮ ಕರ್ನಾಟಕದ್ದೇ, ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ. ಆಗಸ್ಟ್ 15ಕ್ಕೆ ಸಂಬಳ ಸಹಿತ ರಜೆ ಕೊಡಬೇಕು ಅಂತ ಸ್ಪಷ್ಟವಾಗಿತ್ತು. ಜೊತೆಗೆ ಪೇ ಸ್ಲಿಪ್ ಬಿಡಿಸಿಕೊಂಡು ಕೂತಾಗ ಇನ್ನೊಂದು ಹೊಳೆಯಿತು. ಅವರು ಕೇಳುತ್ತಿರುವುದು ಕಡಿತಕ್ಕೆ ಮುಂಚಿನ ಲೆಕ್ಕದಲ್ಲಿ, ನನಗೆ ಬಂದಿದ್ದು ಕಡಿತವಾದ ಮೇಲಿನದು. ಬೇಸಿಕ್ ಮೇಲೆ ನೂರಕ್ಕೆ 12 ಆಗಲೇ ಪಿಎಫ್‌ಗೆ ಹೋಗಿದೆ, ಆ ದುಡ್ಡಿನ ಮುಖವನ್ನೇ ನಾನು ನೋಡಿಲ್ಲ. ನೋಡದ ದುಡ್ಡನ್ನು ವಾಪಸ್ ಕೊಡೋದು ಹೇಗೆ? ಪ್ರೊಫೆಷನಲ್ ಟ್ಯಾಕ್ಸ್ ಬಗ್ಗೆ ಮಾತ್ರ ತಕರಾರು ಎತ್ತಲಿಲ್ಲ. ಆಗ ಅದು ಜ್ವರ ಬಂದರೂ 200, ಬರದಿದ್ದರೂ 200.

ಇದನ್ನೆಲ್ಲ ಬರೆದು, ಕೊನೆಗೆ ನಾನೂ 'ಕೈಂಡ್ಲಿ ಡೂ ದಿ ನೀಡ್‌ಫುಲ್' ಸೇರಿಸಿ ಕಳಿಸಿದೆ. ನಾಲ್ಕು ದಿನ ಬಿಟ್ಟು ಉತ್ತರ ಬಂತು. ಸ್ವಾತಂತ್ರ್ಯ ದಿನ ಬಿಟ್ಟುಕೊಟ್ಟರು. ಆಗಸ್ಟ್‌ಗೆ 31 ದಿನ ಅಂತ ಒಪ್ಪಿಕೊಂಡರು. ಸ್ಯಾಂಡ್‌ವಿಚ್ ಮಾತ್ರ ಬಿಡಲಿಲ್ಲ. ನೇಮಕಾತಿ ಪತ್ರದ ಹನ್ನೊಂದನೇ ಪುಟದಲ್ಲಿತ್ತಂತೆ, ಕೆಳಗೆ ನನ್ನದೇ ಸಹಿ. ಎಂಟು ದಿನಕ್ಕೆ 16,000, ಅದರಲ್ಲಿ ಪಿಎಫ್ 960 ಕಳೆದು 15,040. ಎರಡು ಕಂತು, 7,520ರಂತೆ.

"ಎಷ್ಟು ಉಳಿಸಿದ್ರಿ?" ಅಂತ ಹೆಂಡತಿ ಕೇಳಿದಳು. 3,560 ಅಂದೆ, ಸ್ವಲ್ಪ ಗತ್ತಿನಿಂದಲೇ. "ಹಾಗಾದ್ರೆ ಗ್ರೈಂಡರ್ ಪಾತ್ರೆ ಅವರದ್ದು, ಕಲ್ಲು ನಮ್ಮದು" ಅಂದಳು.

ಸೆಪ್ಟೆಂಬರ್, ಅಕ್ಟೋಬರ್ ಎರಡೂ ತಿಂಗಳು ಪೇ ಸ್ಲಿಪ್‌ನಲ್ಲಿ 'ಅದರ್ ರಿಕವರಿ' ಅಂತ ಒಂದು ಸಾಲು ಕೂತಿತ್ತು. ರಿಕವರಿ ಅಂದರೆ ಚೇತರಿಕೆ ಅಂತಲೂ ಅರ್ಥ ಇದೆಯಲ್ಲ, ಡೆಂಗಿಯಿಂದ ನಾನು ಚೇತರಿಸಿಕೊಂಡೆ, ನನ್ನಿಂದ ಕಂಪನಿ ಚೇತರಿಸಿಕೊಂಡಿತು. ದೀಪಾವಳಿಗೆ ಪಟಾಕಿ ಕಮ್ಮಿ ತಂದೆವು. ಮಾಲಿನ್ಯ ಜಾಸ್ತಿ ಅಂತ ಮಗನಿಗೆ ಹೇಳಿದ್ದೇವೆ.

ಜನವರಿಯಲ್ಲಿ ಹೊಸ ವರ್ಷದ 12 ಸಿಕ್ ಲೀವ್ ಪೋರ್ಟಲ್‌ನಲ್ಲಿ ಪಳಪಳ ಹೊಳೆಯುತ್ತಿದ್ದವು. ಸಂಕ್ರಾಂತಿ ಮುಗಿದ ವಾರವೇ ಮೂಗು ಕಟ್ಟಿ, ಮೈ ಬೆಚ್ಚಗಾಯಿತು. ನಾನು ಡೋಲೋ ನುಂಗಿ, ಮಫ್ಲರ್ ಸುತ್ತಿಕೊಂಡು, ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕಿದೆ.

"ಜ್ವರ ಇದೆಯಲ್ರೀ, ರಜೆ ಹಾಕಿ ಮಲಗಬಾರದಾ?"

"ಬೇಡ ಮಾರಾಯ್ತಿ" ಅಂದೆ. "ಅಡುಗೆಮನೆಯಲ್ಲಿ ಇನ್ನೊಂದು ಗ್ರೈಂಡರ್ ಇಡೋಕೆ ಜಾಗ ಇಲ್ಲ."